ಡಬ್ಬಿಯಲ್ಲಿದ್ದ ಗ್ಯಾನ

"ನಿನ್ನ ಸೊಸೆಗೆ ಯಾವ ದೇವರು ಕಣ್ಣು ಬಿಟ್ಟನೇ ಆವಲಮ್ಮ? ಹೇಳು, ನನ್ನ ಸೊಸೇನೂ ಅಲ್ಲಿಗೇ ಎಳ್ಕೊಂಡು ಹೋಗ್ತೀನಿ," ಅಂದಳು ಪಕ್ಕದ ಮನೆ ಭಾರತಮ್ಮ.

ಆವಲಮ್ಮ ಜಗಲಿಯ ಮೇಲೆ ಕಾಲು ಚಾಚಿ, ನೋಯುವ ಮಂಡಿಯನ್ನು ನೀವಿಕೊಳ್ಳುತ್ತ ನಕ್ಕಳು. ಇದೆಲ್ಲ ತನ್ನ ಕಿರಿಮಗ ತಂದ ಡಬ್ಬಿಯ ಮಹಿಮೆ ಅಂತ ಬಾಯಿ ಬಿಡಲಿಲ್ಲ. ವಯಸ್ಸಾದರೆ ಬುದ್ಧಿ ತಾನಾಗೇ ಬರ್ತೈತೆ ಬಿಡು ಅಂತ ಮಾತು ಹಾರಿಸಿಬಿಟ್ಟಳು.

ಬಾಗಿಲ ಹಿಂದೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ ಗಂಗರತ್ನಮ್ಮನಿಗೆ ಎಲ್ಲ ಕೇಳಿಸಿತು. ಕೇಳಿಸಿದರೂ ಕತ್ತಿ ನಿಲ್ಲಲಿಲ್ಲ. ಮೊದಲಾಗಿದ್ದರೆ ಭಾರತಮ್ಮನ ದನಿ ಬಿದ್ದ ಕೂಡಲೇ ಸೊಪ್ಪನ್ನು ಅಲ್ಲೇ ಬಿಟ್ಟು ಹೊರಗೆ ಓಡಿ, ಅವಳ ಮನೆ ಸಾರಿನಿಂದ ಹಿಡಿದು ಎಮ್ಮೆಯ ಕರುವಿನವರೆಗೆ ವಿಚಾರಿಸಿ ಬರುತ್ತಿದ್ದಳು. ಅವಳು ಹುಟ್ಟಿದ್ದೇ ಹಾಗೆ. ಆವನಿಯಿಂದ ಟೇಕಲ್ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದವಳು, ಎಸರಿಟ್ಟು ನೀರಿಗೆ ಹೋದರೆ ಎಸರು ಮರೆಯುವಳು, ನೀರು ಸೇದುತ್ತ ಮಾತಿಗೆ ನಿಂತರೆ ಕೊಡ ಮರೆಯುವಳು. ಸೋಮಾರಿಯಂತೂ ಅಲ್ಲ. ಒಂದು ಕೆಲಸ ಅರ್ಧವಾಗುವಷ್ಟರಲ್ಲಿ ಇನ್ನೊಂದು ಕೆಲಸ ಕಣ್ಣಿಗೆ ಬಿದ್ದು ಕರೆಯುತ್ತಿತ್ತು, ಅಷ್ಟೇ. "ಗ್ಯಾನ ಇಲ್ಲದೋಳು" ಅನ್ನುತ್ತಿತ್ತು ಊರು.

ಹಿಂದಿನ ಬೆಳೆಯಲ್ಲಿ, ರೇಷ್ಮೆ ಹುಳದ ತಟ್ಟೆಗಳಿಟ್ಟ ಅಟ್ಟಣೆಯ ಕಾಲುಗಳಿಗೆ ನೀರಿನ ಬಟ್ಟಲು ಇಡುವುದನ್ನು ಮರೆತಳು. ಇರುವೆ ಹತ್ತಿ ಇಡೀ ಬೆಳೆ ಹೋಯಿತು. ಇನ್ನೊಂದು ಸಲ ಹೀಗಾದರೆ ಟ್ರಂಕಿನ ಸಮೇತ ಆವನಿಯ ತವರಿಗೆ ಬಿಟ್ಟು ಬರ್ತೀವಿ ಅಂದಳು ಆವಲಮ್ಮ. ಅದು ಬರೀ ಬೆದರಿಕೆಯಲ್ಲ. ಆವನಿಯಲ್ಲಿ ಗಂಗರತ್ನಮ್ಮನ ಹಿಂದೆ ಹುಟ್ಟಿದ ಇಬ್ಬರು ತಂಗಿಯರು ಮದುವೆಗೆ ನಿಂತಿದ್ದರು. ಅಕ್ಕ ಗಂಡನ ಮನೆ ಬಿಟ್ಟು ಬಂದು ಕೂತರೆ ಆ ಹೊಸ್ತಿಲಿಗೆ ಗಂಡಿನವರು ಯಾರು ಬಂದಾರು?

ಅಷ್ಟರಲ್ಲಿ ಲಡಾಯಿ ಮುಗಿದು ಮೈದುನ ಕದಿರೇಶ ಮನೆಗೆ ಬಂದ. ಬರ್ಮಾ ಗಡಿಯ ದಂಡಿನ ಆಸ್ಪತ್ರೆಯಲ್ಲಿ ರೋಗಿಗಳ ಹಾಸಿಗೆ ಬದಲಿಸುತ್ತ, ಔಷಧಿ ಎತ್ತಿಕೊಡುತ್ತ ಇದ್ದವನು. ಬರುವಾಗ ಕಂಬಳಿಯ ಜೊತೆ ಒಂದು ಡಬ್ಬಿ ತುಂಬ ಬಿಳಿ ಮಾತ್ರೆ ತಂದಿದ್ದ. ರಾತ್ರಿಯೆಲ್ಲ ಲಾರಿ ಓಡಿಸೋರಿಗೆ ನಿದ್ದೆ ಬರದಿರಲಿ ಅಂತ ಕೊಡ್ತಿದ್ವಿ, ನಿಂತಲ್ಲಿ ನಿಲ್ಲದ ಮಕ್ಕಳಿಗೂ ಯಾವುದೋ ದೇಶದಲ್ಲಿ ಕೊಟ್ಟು ನೋಡಿದ್ದಾರಂತೆ, ಸುಮ್ಮನೆ ಕೂತು ಓದ್ತವಂತೆ ಅಂತ ಅಲ್ಲಿನ ಡಾಕ್ಟರ ಬಾಯಲ್ಲಿ ಕೇಳಿದ್ದನ್ನು ಹೇಳಿದ. ಅತ್ತಿಗೆಯ ಮೇಲೆ ಅವನಿಗೆ ಅಕ್ಕರೆ. ಅವಳನ್ನು ಈ ಮನೆಯಲ್ಲೇ ಉಳಿಸಬೇಕು ಅಂತಲೇ ದಿನಕ್ಕೆ ಅರ್ಧ ಮಾತ್ರೆ ಕೊಡತೊಡಗಿದ.

ಸುಳ್ಳು ಯಾಕೆ ಹೇಳೋಣ, ಮೊದಮೊದಲು ಅವಳಿಗೂ ಹಬ್ಬವೇ. ತಲೆಯೊಳಗಿನ ಸಂತೆ ಒಮ್ಮೆಗೇ ಎದ್ದುಹೋದ ಹಾಗಾಯಿತು. ಹಿಡಿದ ಕೆಲಸ ಕೈಯಲ್ಲೇ ಮುಗಿಯಿತು. ಅತ್ತೆ ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದಳು.

ಆಮೇಲೆ ಊಟ ಬಿಟ್ಟುಹೋಯಿತು. ಮುದ್ದೆ ಮುರಿದು ಸಾರಿಗದ್ದಿ ಬಾಯಿಗಿಟ್ಟರೆ ಒಣ ಬೂದಿ ಇಟ್ಟುಕೊಂಡ ಹಾಗೆ, ಎಷ್ಟು ನೀರು ಕುಡಿದರೂ ನಾಲಿಗೆಯ ಪಸೆ ಆರಿಯೇ ಇರುತ್ತಿತ್ತು. ದವಡೆ ತಾನಾಗಿ ಬಿಗಿಯುತ್ತಿತ್ತು. ಎದೆಯೊಳಗೆ ಯಾರೋ ಬಿಡದೆ ರಾಗಿ ಕುಟ್ಟುತ್ತಿದ್ದರು. ನಿದ್ದೆಯ ಮಾತೇ ಇಲ್ಲ. ಸಂಜೆಯಾಗಿ ಮಾತ್ರೆಯ ಅಮಲು ಇಳಿಯುತ್ತಿದ್ದಂತೆ ಕಾರಣವಿಲ್ಲದೆ ಅಳು, ಅಳುವಿನ ಹಿಂದೆಯೇ ಕಂಡವರ ಮೇಲೆ ಸಿಟ್ಟು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಯಾರಿಗೆ ಹೇಳೋದು? ಕದಿರೇಶನಿಗೆ ಹೇಳಿದಳು. ಅವನು ತಲೆ ಕೆರೆದುಕೊಂಡು, ಲಾರಿಯವರೂ ಹಿಂಗೇ ಅಂತಿದ್ರು ಅತ್ತಿಗೆ, ಆದ್ರೆ ಅವರಿಗೆ ನಾಕು ದಿನ ಕೊಟ್ಟು ನಿಲ್ಲಿಸ್ತಿದ್ರು, ನಿಮಗೆ ನಿಲ್ಲಿಸಿದ್ರೆ ಅಮ್ಮ ಸುಮ್ಮನಿರಬೇಕಲ್ಲ ಅಂದ. ಗಂಡ ಚನ್ನರಾಯಪ್ಪನಿಗೆ ಹೇಳಿದಳು. ಅವನು ಅವಳ ಮುಖ ನೋಡಿ, ಸೊರಗಿದೀಯ ಅಂದ. ಆ ಮಾತು ಮುಗಿಯುವ ಮೊದಲೇ ಹುಳದ ಮನೆಯ ಕಡೆ ತಿರುಗಿ, ಆದ್ರೂ ತಟ್ಟೆಗಳು ಎಷ್ಟು ಲಕ್ಷಣವಾಗಿವೆ ನೋಡು ಅಂದ.

ಡಬ್ಬಿ ಈಗ ಆವಲಮ್ಮನ ವಶದಲ್ಲಿ, ಸೂರಿಗೆ ತೂಗುಹಾಕಿದ ನೆಲುವಿನ ಮೇಲೆ. ದಿನಾ ಬೆಳಿಗ್ಗೆ ಅವಳೇ ಮಾತ್ರೆ ಕೊಡುವಳು, ನುಂಗಿದ ಮೇಲೆ ಬಾಯಿ ತೆರೆಸಿ ನೋಡುವಳು.

ಹೀಗಿರುವಾಗ ಹುಳಗಳು ನಾಲ್ಕನೇ ಜ್ವರಕ್ಕೆ ಕೂತವು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು, ತಲೆ ಎತ್ತಿ ಕದಲದೆ ಕೂರುತ್ತದೆ. ಅದಕ್ಕೇ ಜ್ವರ ಅನ್ನುವುದು. ಆಗ ಸೊಪ್ಪು ಹಾಕಬಾರದು, ಇದು ಹುಳ ಸಾಕುವ ಮನೆಯ ಮಕ್ಕಳಿಗೂ ಗೊತ್ತು. ಗಂಗರತ್ನಮ್ಮನಿಗೂ ಗೊತ್ತು. ಆದರೆ ಆ ದಿನ ಅವಳ ಕೈ ಸೊಪ್ಪು ಕತ್ತರಿಸುವುದನ್ನು ಹಿಡಿದಿತ್ತು, ಹಿಡಿದದ್ದನ್ನು ಬಿಡಲೊಲ್ಲದು. ಕತ್ತರಿಸಿದಳು, ಹಾಕಿದಳು. ಇನ್ನೂ ಸಣ್ಣಗೆ ಕತ್ತರಿಸಿದಳು, ಇನ್ನೂ ಸಮವಾಗಿ ಹರಡಿದಳು. ಆವಲಮ್ಮ ಒಳಗೆ ಬಂದು ನೋಡಿದರೆ ತಟ್ಟೆಯ ಮೇಲೆ ಹುಳವೇ ಕಾಣದು, ಕೈಯಿಟ್ಟರೆ ಮಣಿಕಟ್ಟಿನ ತನಕ ಹಸಿ ಸೊಪ್ಪು.

ಅತ್ತೆ ಸೊಸೆ ಇಬ್ಬರೂ ಸೇರಿ ಸೊಪ್ಪು ಬಾಚಿ ತೆಗೆದು, ತಟ್ಟೆಯ ಹಸಿ ಆರಲಿ ಅಂತ ಸುಣ್ಣದ ಪುಡಿ ಉದುರಿಸಿದರು. ಒಂದಷ್ಟು ಹುಳ ಸತ್ತಿದ್ದವು, ಬಹಳಷ್ಟು ಉಳಿದವು. ಬೈಗುಳವೆಲ್ಲ ಮುಗಿದ ಮೇಲೆ ಆವಲಮ್ಮ ತನ್ನ ಲೆಕ್ಕದ ತೀರ್ಪು ಕೊಟ್ಟಳು. ಅರ್ಧ ಮಾತ್ರೆ ಸಾಲದು. ಗ್ಯಾನ ಮತ್ತೆ ತಪ್ಪುತಾ ಐತೆ. ನಾಳೆಯಿಂದ ಇಡೀ ಮಾತ್ರೆ.

ಮರುದಿನ ಬೆಳಿಗ್ಗೆ ಗಂಗರತ್ನಮ್ಮ ಆ ಇಡೀ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತೇ ಇದ್ದಳು.

"ನುಂಗೇ, ಏನ್ ನೋಡ್ತಾ ನಿಂತೆ?"

"ಇದು ನುಂಗಿದ್ರೆ ಏನಾಗ್ತೈತೆ ಅಂತ ನಿಮಗೆ ಗೊತ್ತಿಲ್ಲ ಅತ್ತೆ. ಒಂದೇ ಒಂದು ದಿನ ನೀವು ನುಂಗಿ ನೋಡಿ. ಆಮೇಲೂ ನುಂಗು ಅಂದ್ರೆ ಎದುರಾಡಲ್ಲ."

ಆವಲಮ್ಮನನ್ನು ಹಾಗೆ ಕೆಣಕಿದವರು ಇರಲಿಲ್ಲ. ವಿಷ ಕೊಡ್ತಿದ್ದೀನೇನೇ ನಿನಗೆ ಅಂತ ಸೊಸೆಯ ಅಂಗೈಯಿಂದ ಮಾತ್ರೆ ಕಿತ್ತು ಬಾಯಿಗೆಸೆದುಕೊಂಡು, ಲೋಟದ ಮಜ್ಜಿಗೆ ಪೂರ್ತಿ ಕುಡಿದಳು.

ಗಂಗರತ್ನಮ್ಮ ಅವತ್ತು ಮಾತ್ರೆಯಿಲ್ಲದೆ ಉಳಿದಳು. ಮೈಯೆಲ್ಲ ಭಾರ, ಕಣ್ಣು ತೂಗುತ್ತಿತ್ತು. ಆದರೂ ಮಧ್ಯಾಹ್ನ ಅರ್ಧ ಮುದ್ದೆ ಗಂಟಲಲ್ಲಿ ಇಳಿಯಿತು, ಎಷ್ಟೋ ದಿನದ ಮೇಲೆ ಸಾರಿನ ಉಪ್ಪು ನಾಲಿಗೆಗೆ ಹತ್ತಿತು. ಇವತ್ತು ಅತ್ತೆಗೂ ಅರ್ಥವಾದರೆ ಸಾಕು, ಬಿಡುಗಡೆ ಅಂದುಕೊಂಡಳು.

ಅತ್ತೆ ಏನಾದಳು ಅಂತೀರಿ? ಮೊದಲು ಅಂಗಳ ಗುಡಿಸಿದಳು. ಕೊಟ್ಟಿಗೆ ಬಾಚಿದಳು. ಮಂಡಿ ನೋವು ಅನ್ನುತ್ತಿದ್ದವಳು ಏಣಿ ಹತ್ತಿ ಸೂರಿನ ಜೇಡರ ಬಲೆ ತೆಗೆದಳು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಬಾಯಿ ಮುಚ್ಚದೆ ಮಾತಾಡಿದಳು. ಭಾರತಮ್ಮ ಬಂದು, ಏನೇ ಆವಲಮ್ಮ, ಮದುವೆ ಹೆಣ್ಣಿನ ಹಂಗೆ ಓಡಾಡ್ತೀಯ ಅಂತ ರೇಗಿಸಿ ಹೋದಳು. ಊಟದ ತಟ್ಟೆ ಮಾತ್ರ ಸಂಜೆವರೆಗೂ ಇಟ್ಟಲ್ಲೇ ಆರಿತು.

ಬೆಳಗಾದಾಗ ಆವಲಮ್ಮನ ಕಣ್ಣು ಕೆಂಡವಾಗಿತ್ತು. ಗಂಗರತ್ನಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ನಿದ್ದೆ ಬರಲಿಲ್ಲ ಅಲ್ವಾ ಅತ್ತೆ?"

"ಇಲ್ಲ."

"ಎದೆ ಬಡ್ಕೊಳ್ತಾ ಐತಾ?"

"ಬಡ್ಕೊಳ್ತೈತೆ. ನೀನು ಹೇಳಿದ್ದು ಸುಳ್ಳಲ್ಲ ಕಣೇ."

ಗಂಗರತ್ನಮ್ಮ ಉಸಿರು ಬಿಟ್ಟಳು. "ಹಂಗಾದ್ರೆ ಆ ಡಬ್ಬೀನ ಬಾವಿಗೆ ಹಾಕಿಬಿಡೋಣ ಅತ್ತೆ."

ಆವಲಮ್ಮ ಸೊಸೆಯ ಮುಖವನ್ನೇ ನೋಡಿದಳು. "ಹುಳ ಜ್ವರದಿಂದ ಎದ್ದು ಹಸಿದು ಕೂತಿವೆ. ಗೂಡು ಕಟ್ಟೋ ತನಕ ಮೇವು ಸುರೀಬೇಕು. ನಿನ್ನೆ ನನ್ನ ಮಂಡಿ ಎಲ್ಲಿತ್ತು ಅಂತಾನೇ ಗೊತ್ತಾಗಲಿಲ್ಲ ಗಂಗರತ್ನ, ಹದಿನೆಂಟರ ವಯಸ್ಸಲ್ಲಿ ಇದ್ದಂಗಿದ್ದೆ. ಎದೆ ಬಡ್ಕೊಂಡ್ರೆ ಬಡ್ಕೊಳ್ಳಲಿ. ಕೆಲಸ ಆಗ್ತೈತಲ್ಲ."

"ಅತ್ತೆ, ನೀವು ನಿನ್ನೆಯಿಂದ ಒಂದು ತುತ್ತೂ ತಿಂದಿಲ್ಲ."

"ನೀನೂ ತಿಂತಿರಲಿಲ್ಲವಲ್ಲ," ಅಂದಳು ಆವಲಮ್ಮ, ಬೈಗುಳವಿಲ್ಲದ ದನಿಯಲ್ಲಿ.

ನೆಲುವಿನಿಂದ ಡಬ್ಬಿ ಇಳಿಸಿ ಒಂದು ಮಾತ್ರೆ ತೆಗೆದಳು. ಉಗುರಿನಿಂದ ಮುರಿಯಲು ಹೋಗಿ ಆಗದೆ, ಹಲ್ಲಿನಿಂದ ಕಚ್ಚಿ ಎರಡು ಮಾಡಿದಳು. ಒಂದು ತುಂಡನ್ನು ತನ್ನ ನಾಲಿಗೆಯ ಮೇಲಿಟ್ಟುಕೊಂಡು, ಇನ್ನೊಂದನ್ನು ಸೆರಗಿನಲ್ಲಿ ಒರೆಸಿ ಸೊಸೆಯ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದಳು.