ಹೊರಗಿನ ಊರಿನವರು ಬೇಕಾಗಿದ್ದಾರೆ

ಅನ್ನವ್ವನ ಎಡಗಾಲು ಮೊಣಕಾಲಿನ ತನಕ ಬೆಂದಿತ್ತು. ಮೊದಲು ಯಾರೋ ಶಾಯಿ ಬಳಿದರು. ಆಮೇಲೆ ಲೋಳೆಸರ ಹಚ್ಚಿದರು. ನೊಣ ಕೂಡಬಾರದೆಂದು ಅಕ್ಕ ಶಾರವ್ವ ಹಳೆ ಸೀರೆಯ ತುಂಡು ಹೊದಿಸಿದಳು. ಅದು ಗಾಯಕ್ಕೆ ಅಂಟಿಕೊಂಡಿತು. ಬಿಡಿಸಲು ಹೋದರೆ ಅನ್ನವ್ವ ಓಣಿಯೆಲ್ಲ ಕೇಳುವಂತೆ ಚೀರುತ್ತಿದ್ದಳು.

ಹಾನಗಲ್ಲಿನ ಉಳಿವೆಪ್ಪ ಸಾವುಕಾರರ ಅಕ್ಕಿ ಗಿರಣಿಯಲ್ಲಿ ಭತ್ತ ಕುದಿಸುವ ದೊಡ್ಡ ಹಂಡೆಯನ್ನು ನೆಲಮಟ್ಟಕ್ಕೆ ಹೂತಿದ್ದರು. ಸುತ್ತ ಕಲ್ಲು ಚಪ್ಪಡಿ. ಚಪ್ಪಡಿಯ ಮೇಲೆ ಸದಾ ಭತ್ತದ ಲೋಳೆ ನೀರು. ಹೆಣ್ಣುಮಕ್ಕಳು ಅದರ ಮೇಲೆ ಬರಿಗಾಲಲ್ಲಿ ನಿಂತು, ಬೆಂದ ಭತ್ತವನ್ನು ಬುಟ್ಟಿಯಿಂದ ಎತ್ತಿ ಕಣಕ್ಕೆ ಒಯ್ದು ಹರಡಬೇಕು. ಬುಟ್ಟಿ ಎತ್ತುವಾಗ ಅನ್ನವ್ವ ಜಾರಿದಳು. ಶಾರವ್ವ ಸೆರಗು ಹಿಡಿದು ಎಳೆದದ್ದರಿಂದ ಒಂದು ಕಾಲಷ್ಟೇ ಹಂಡೆಗೆ ಇಳಿಯಿತು.

"ಒಂದ ಕಾಲಲ್ಲಾ? ದೇವರು ದೊಡ್ಡಾವ" ಎಂದು ಸಾವುಕಾರರು ಸಮಾಧಾನ ಹೇಳಿದರು. ಆ ದಿನ ಆಕೆ ಮಾಡಿದ ಅರ್ಧ ದಿನದ ಕೂಲಿಯನ್ನು ಮುರಿಯಲಿಲ್ಲ. ಅದನ್ನೂ ಅವರೇ ಎರಡು ಸಲ ಹೇಳಿದರು.

ಮರುದಿನ ಹೆಣ್ಣುಮಕ್ಕಳೆಲ್ಲ ಗಿರಣಿಯ ಅಂಗಳದಲ್ಲಿ ನಿಂತರು. ಶಾರವ್ವ ಮುಂದೆ ಬಂದಳು.

"ಹಂಡೆ ಸುತ್ತ ಮೊಣಕಾಲ ಮಟ ಒಂದ ಗ್ವಾಡಿ ಕಟ್ಟಸ್ರಿ ಸಾವಕಾರ್ರ. ಬ್ಯಾರೆ ಏನೂ ಕೇಳೂದಿಲ್ಲ."

"ಇವತ್ತ ಗ್ವಾಡಿ ಅಂತೀರಿ. ನಾಳೆ ಅದಕ್ಕ ಸುಣ್ಣಾ ಅಂತೀರಿ. ನಾಡದ ಅದರ ಮ್ಯಾಲ ಗಾದಿ ಹಾಕಸ್ರಿ, ಕುಂದರ್ತೇವಿ ಅಂತೀರಿ."

"ಗ್ವಾಡಿ ಆಗೂ ಮಟ ನಾವು ಹಂಡೆ ಹಂತೇಕ ಹೋಗೂದಿಲ್ರಿ."

"ಹಂಗಾರ ಮನೀಗೆ ಹೋಗ್ರಿ. ಆಳಿಗೇನು ಬರಗಾಲ ಬಂದೈತೇನು?"

ಗಿರಣಿಯ ಗೇಟು ಮುಚ್ಚಿತು. ಮೂಟೆ ಹೊರುತ್ತಿದ್ದ ಶಾರವ್ವನ ಗಂಡ ಮಲ್ಲೇಶಪ್ಪನನ್ನೂ ಹೊರಗೆ ಹಾಕಿದರು. ಅವನು ಗೋಡೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಹೆಂಡತಿ ಆಡಿದ್ದಳಲ್ಲ, ಅಷ್ಟು ಸಾಕಾಯಿತು.

ಆಳಿಗೆ ಬರಗಾಲ ಬಾರದಂತೆ ನೋಡಿಕೊಳ್ಳಲೆಂದೇ ಆ ವರ್ಷ ಶಿಗ್ಗಾಂವಿಯಲ್ಲಿ ಒಂದು ಕಚೇರಿ ಶುರುವಾಗಿತ್ತು. ಮೂರನೆಯ ಪಂಚವಾರ್ಷಿಕ ಯೋಜನೆಯ ಮೊದಲ ವರ್ಷ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಕಡೆಯವರಿಗೆ ಸೇರಿ ಒಂದು ಉದ್ಯೋಗ ಸಹಾಯಕ ಮಂಡಳಿ. ಜನ ಅದನ್ನು ಕೆಲಸದ ಕಚೇರಿ ಎಂದರು. ಉದ್ಘಾಟನೆಗೆ ತೋರಣ ಕಟ್ಟಿದ್ದರು, ಧ್ವನಿವರ್ಧಕ ತರಿಸಿದ್ದರು. ಕೆಲಸ ಕೇಳುವವರು, ಆಳು ಕೇಳುವವರು ಮಂಡಳಿಯ ಎರಡು ಕಣ್ಣುಗಳೆಂದು ಭಾಷಣವಾಯಿತು. ಆಳು ಕೇಳುವವರ ಪರವಾಗಿ ಹಾನಗಲ್ಲಿನ ಉಳಿವೆಪ್ಪ ಸಾವುಕಾರರೂ ಸವಣೂರಿನ ಹತ್ತಿ ಗಿರಣಿಯ ಗುದ್ಲೆಪ್ಪ ಸಾವುಕಾರರೂ ಸದಸ್ಯರಾದರು. ಇಬ್ಬರೂ ಬೀಗರು. ಕೆಲಸ ಕೇಳುವವರ ಪರವಾಗಿ ಯಾರಿರಬೇಕೆಂಬ ಪ್ರಶ್ನೆಯೂ ಬಂತು. ಯೋಗ್ಯರು ಸಿಗುವ ತನಕ ಅದನ್ನೂ ಈ ಇಬ್ಬರೇ ನೋಡಿಕೊಳ್ಳಬೇಕೆಂದು ಸರ್ವಾನುಮತದಿಂದ ಠರಾವಾಯಿತು.

"ಸರ್ಕಾರ ನಮ್ಮ ಸಲುವಾಗಿ ಕಚೇರಿ ತೆಗದೈತಂತ. ಹೋಗಿ ಕೇಳ ಬಾ" ಎಂದ ಮಲ್ಲೇಶಪ್ಪ. ಮನೆಯಲ್ಲಿ ಜೋಳದ ನುಚ್ಚು ತಳ ಕಂಡಿತ್ತು. ಶಾರವ್ವ ತನ್ನ ಜೊತೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಶಿಗ್ಗಾಂವಿಗೆ ಹೋದಳು.

ಮಂಡಳಿಯ ಅಧಿಕಾರಿ ತೊರಗಲ್ ಸಾಹೇಬರು ಧಾರವಾಡದವರು. ಒಳ್ಳೆಯ ಮನುಷ್ಯ. ಲಂಚ ಮುಟ್ಟುವವರಲ್ಲ. ಬಂದವರಿಗೆ ಗದರುವವರಲ್ಲ. ಹೆಣ್ಣುಮಕ್ಕಳು ನೆಲಕ್ಕೆ ಕೂರಲು ಹೋದರೆ ಜವಾನ ಫಕ್ಕೀರಪ್ಪನಿಂದ ಚಾಪೆ ಹಾಸಿಸಿದರು. ನೀರು ಕೊಡಿಸಿದರು. ಶಾರವ್ವನಿಗೆ ಇದೆಲ್ಲ ಕನಸಿನಂತೆ ಕಂಡಿತು.

"ಕೆಲಸಾ ಅದ" ಎಂದರು ಸಾಹೇಬರು. "ನಿಮ್ಮೆಲ್ಲಾರಿಗೂ ಅದ. ಸವಣೂರೊಳಗ ಹತ್ತೀ ಗಿರಣಿ. ಬಿಸಲಾಗ ನಿಂದ್ರೂ ಹಂಗಿಲ್ಲ, ನೆರಳಿನ ಕೆಲಸ. ಇರ್ಲಿಕ್ಕೂ ಒಂದು ಛಪ್ಪರ ಹಾಕಿಕೊಡ್ತಾರ."

"ಯಾವಾಗಿಂದ್ರಿ?"

"ಇವತ್ತ! ಮಧ್ಯಾಹ್ನ ಗಿರಣಿ ಲಾರಿ ಬರ್ತದ."

ಹೆಣ್ಣುಮಕ್ಕಳು ಕೈ ಮುಗಿದರು. ಸಾಹೇಬರ ಕಣ್ಣು ತುಂಬಿ ಬಂತು. ಬಡವರಿಗೆ ಒಳ್ಳೆಯದನ್ನು ಮಾಡುವುದು ಇಷ್ಟು ಸುಲಭವೆಂದು ಅವರಿಗೂ ಗೊತ್ತಿರಲಿಲ್ಲ.

ಕಚೇರಿಯ ಹೊರಗೆ ಹುಣಸೆಮರವಿತ್ತು. ಅದರ ಕೆಳಗೆ ಆಗಲೇ ಕೆಲವು ಹೆಣ್ಣುಮಕ್ಕಳು ಗಂಟು ಇಟ್ಟುಕೊಂಡು ಕೂತಿದ್ದರು. ಒಬ್ಬಳು ಕೂಸಿಗೆ ಹಾಲೂಡಿಸುತ್ತಿದ್ದಳು. ಅವಳ ಹೆಸರು ಮಾದೇವಿ. ಪಕ್ಕದಲ್ಲಿ ಕೂತ ಎತ್ತರದ ಹೆಂಗಸು ಶಾಕೀರಾ. ಶಾರವ್ವ ಅವರ ಹತ್ತಿರ ಕೂತು ಬುತ್ತಿ ಬಿಚ್ಚಿದಳು.

"ಯಾವೂರ ತಂಗೀ ನಿಮ್ದು?"

"ಸವಣೂರ ಅಕ್ಕಾ" ಎಂದಳು ಶಾಕೀರಾ. "ಸಾಹೇಬ್ರು ಭಾಳ ಚಲೋ ಮನಶ್ಯಾರು. ಬಂದ ಕೂಡ್ಲೇ ಕೆಲಸಾ ಕೊಟ್ರು. ಹಾನಗಲ್ಲಾಗ ಅಕ್ಕಿ ಗಿರಣಿ ಐತಂತ."

ಶಾರವ್ವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಯಾರ ಗಿರಣಿ?"

"ಉಳಿವೆಪ್ಪ ಅಂತ ಸಾವಕಾರ್ರಂತ. ನಿಮ್ದು ಯಾವೂರು? ಎಲ್ಲಿಗೆ ಹೊಂಟೀರಿ?"

"ಹಾನಗಲ್ಲ. ಸವಣೂರಿಗೆ ಹೊಂಟೇವಿ. ಹತ್ತಿ ಗಿರಣಿಗೆ."

ಶಾಕೀರಾ ಎದ್ದು ನಿಂತಳು. "ಗುದ್ಲೆಪ್ಪನ ಗಿರಣಿಗೇನು? ನಮ್ಮನ್ನ ಹೊರಗ ಹಾಕಿದ ಗಿರಣಿಗೆ? ನಮ್ಮ ಬಾಯಾಗಿನ ತುತ್ತ ಕಸಗೊಳ್ಳಾಕ ಹೊಂಟೀರೇನು?"

"ನೀವೇನ ಮಾಡಾಕ ಹೊಂಟೀರಿ? ನಮ್ಮ ಗಿರಣೀಗೆ ಆರತಿ ಎತ್ತಾಕ ಹೊಂಟೀರೇನು?" ಶಾರವ್ವನೂ ಎದ್ದಳು.

ಎರಡೂ ಕಡೆಯ ಹೆಣ್ಣುಮಕ್ಕಳು ಎದ್ದರು. ದನಿ ಏರಿತು. ಒಬ್ಬಳ ಗಂಟನ್ನು ಇನ್ನೊಬ್ಬಳು ಒದ್ದಳು. ಆಗ ಕೂಸಿನ ತಾಯಿ ಮಾದೇವಿ ನಕ್ಕುಬಿಟ್ಟಳು. ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಯಾಕ ನಗ್ತೀಯ?" ಎಂದು ಶಾಕೀರಾ ಸಿಟ್ಟಿನಿಂದ ಕೇಳಿದಳು.

"ನಗಲಾರದ ಏನ ಮಾಡ್ಲಿ? ಇವರ ಕೆಲಸಾ ನಮಗ, ನಮ್ಮ ಕೆಲಸಾ ಇವರಿಗೆ. ಲಾರಿ ಖರ್ಚು ಬ್ಯಾರೆ!"

ಒಬ್ಬೊಬ್ಬರಾಗಿ ಕೂತರು. ಶಾರವ್ವನೇ ಮೊದಲು ಕೇಳಿದಳು. "ನಿಮ್ಮನ್ನ ಯಾಕ ಹೊರಗ ಹಾಕಿದ್ರು?"

ಶಾಕೀರಾ ಹೇಳಿದಳು. ಹತ್ತಿ ಗಿರಣಿಯಲ್ಲಿ ಹೆಣ್ಣುಮಕ್ಕಳನ್ನು ಒಳಗೆ ಬಿಟ್ಟು ಹೊರಗಿನಿಂದ ಕೀಲಿ ಹಾಕುತ್ತಾರೆ. ನೀರು ಕುಡಿಯಲು, ಕೂಸಿಗೆ ಹಾಲೂಡಿಸಲು ಹೊರಗೆ ಬಂದು ಹೊತ್ತು ಕಳೆಯುತ್ತಾರೆಂಬುದು ಗುದ್ಲೆಪ್ಪ ಸಾವುಕಾರರ ದೂರು. ಹಿಂದಿನ ತಿಂಗಳು ಅರಳೆಗೆ ಕಿಡಿ ಬಿತ್ತು. ಕೀಲಿಕೈ ಹಿಡಿದಿದ್ದ ದರವಾನ ಊಟಕ್ಕೆ ಹೋಗಿದ್ದ. ಹೊಗೆಯಲ್ಲಿ ಕದ ಬಡಿದು ಬಡಿದು ಶಾಕೀರಾಳ ಕೈ ಊದಿತು. ಕೊನೆಗೆ ಹಾದಿಹೋಕರು ಕೀಲಿ ಮುರಿದರು. ಮಾದೇವಿಯ ಕೂಸು ಈಗಲೂ ಒಮ್ಮೊಮ್ಮೆ ಉಸಿರು ಕಟ್ಟಿ ನೀಲಿಗಟ್ಟುತ್ತದೆ. ಮರುದಿನ ಸಾವುಕಾರರು ಹೊಸ ಕೀಲಿ ತಂದರು. ಮೊದಲಿನದಕ್ಕಿಂತ ದೊಡ್ಡದು. ಕೀಲಿ ಹಾಕುವುದಾದರೆ ಒಳಗೆ ಬರುವುದಿಲ್ಲ ಎಂದರು ಹೆಣ್ಣುಮಕ್ಕಳು. ಹಾಗಾದರೆ ಬರಬೇಡಿ ಎಂದರು ಸಾವುಕಾರರು.

ಶಾರವ್ವನೂ ಹಂಡೆಯ ಕತೆ ಹೇಳಿದಳು. ಚಪ್ಪಡಿಯ ಮೇಲೆ ಎಲ್ಲಿ ಕಾಲು ಜಾರುತ್ತದೆಂಬುದನ್ನೂ ಹೇಳಿದಳು.

ಆಮೇಲೆ ಎಲ್ಲರೂ ಒಟ್ಟಾಗಿ ಕಚೇರಿಯ ಮೆಟ್ಟಿಲು ಹತ್ತಿದರು. ಅಂದು ಮಂಡಳಿಯ ಸಭೆಯಿತ್ತು. ಬೀಗರಾದ ಸಾವುಕಾರರಿಬ್ಬರೂ ಒಳಗೆ ಮಿರ್ಚಿ ಭಜಿ ತಿನ್ನುತ್ತಿದ್ದರು.

"ಸಾಹೇಬ್ರ, ಹಾನಗಲ್ಲಾಗ ಆಳು ಬೇಕಾಗೇತಿ, ಹೌದಲ್ರಿ?" ಎಂದಳು ಶಾರವ್ವ.

"ಹೌದು."

"ನಾವು ಹಾನಗಲ್ಲಿನವ್ರು. ನಮ್ಮನ್ನ ಅಲ್ಲೇ ಕಳಸ್ರಿ. ಇವರನ್ನ ಸವಣೂರಿಗೆ ಕಳಸ್ರಿ. ಎಲ್ಲಾರೂ ಮನ್ಯಾಗಿಂದ ಕೆಲಸಕ್ಕ ಹೋಗ್ತೇವಿ."

ಸಾಹೇಬರು ಮಾಲೀಕರ ಕಡೆ ನೋಡಿದರು. ಗುದ್ಲೆಪ್ಪ ಸಾವುಕಾರರು ಬೆರಳು ಒರೆಸಿಕೊಳ್ಳುತ್ತಿದ್ದರು.

"ಹಂಗ ಬರೂದಿಲ್ಲವ್ವಾ" ಎಂದರು ಸಾಹೇಬರು. "ಇಬ್ಬರೂ ಹೊರಗಿನ ಊರಿನವರ ಬೇಕು ಅಂತ ಕೇಳ್ಯಾರ. ಆಳು ಕೇಳೋರ ಅವಶ್ಯಕತಾ ನಾವು ಪೂರೈಸಬೇಕಾಗ್ತದ."

"ನಮ್ಮ ಅವಶ್ಯಕತಾರಿ?"

"ನಿಮಗೂ ಕೆಲಸಾ ಕೊಟ್ಟೇನಲ್ಲಾ!"

ಕೊಟ್ಟಿದ್ದರು. ಮಂಡಳಿಯ ಎರಡೂ ಕಣ್ಣುಗಳಿಗೆ ಒಂದೇ ಸಮನೆ ಕಾಡಿಗೆ ಹಚ್ಚಿದ್ದರು. ಸಾಹೇಬರ ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ.

"ಆ ಗ್ವಾಡಿ? ಈ ಕೀಲಿ?" ಎಂದಳು ಶಾಕೀರಾ.

"ಗ್ವಾಡಿ, ಕೀಲಿ ನಮ್ಮ ಮಂಡಳಿ ಖಾತೇಕ ಬರೂದಿಲ್ಲ" ಎಂದರು ಸಾಹೇಬರು, ನಿಜವಾಗಿಯೂ ನೊಂದುಕೊಂಡು.

"ಅವರು ಒಲ್ಲೆ ಅಂದ್ರ ಬಿಡ್ರಿ ಸಾಹೇಬ್ರ" ಎಂದರು ಉಳಿವೆಪ್ಪ ಸಾವುಕಾರರು. "ಹಿರೇಕೆರೂರ ಕಡೆ ಮಂದಿ ನೋಡ್ರಿ. ಅಲ್ಲಿ ಹಸದಾವ್ರು ಭಾಳ ಅದಾರ."

ಮಧ್ಯಾಹ್ನ ಎರಡು ಲಾರಿ ಬಂದು ನಿಂತವು. ಯಾರೂ ಹತ್ತಲಿಲ್ಲ. ಚಾಲಕರು ಹಾರ್ನ್ ಬಾರಿಸಿದರು. ಹಾನಗಲ್ಲಿನ ಮುದಕವ್ವ ಗಂಟು ಎತ್ತಿಕೊಂಡು ಎದ್ದಳು. ಗಂಡನಿಲ್ಲದ ಮುದುಕಿ, ಮೊಮ್ಮಕ್ಕಳನ್ನು ಸಾಕುವವಳು.

"ನನ್ನ ಬಿಡ ಶಾರವ್ವಾ. ಹುಡುಗ್ರು ಹಸಕೊಂಡ ಕುಂತಾವ."

ಶಾಕೀರಾ ಹತ್ತಿರ ಬಂದು ಮುದುಕಿಯ ಗಂಟನ್ನು ಸರಿಯಾಗಿ ತಲೆಯ ಮೇಲೆ ಇಟ್ಟಳು.

"ಹೋಗಬೇ ಆಯಿ. ಕದದ ಹಂತೇಕ ಜಾಗಾ ಹಿಡಿ. ಹೊಗಿ ಬಂದ್ರ ಜೋರಲೇ ಬಡಿ. ದರವಾನಗ ಕಿವಿ ಮಂದ."

ಮುದಕವ್ವ ಲಾರಿಯ ತನಕ ಹೋದಳು. ಲಾರಿಯ ಹಲಗೆ ಹಿಡಿದು ನಿಂತಳು. ಆಮೇಲೆ ಮೆಲ್ಲಗೆ ಹಿಂತಿರುಗಿ ಬಂದು ಮಾದೇವಿಯ ಕೂಸನ್ನು ಎತ್ತಿಕೊಂಡಳು. ಲಾರಿಗಳು ಖಾಲಿ ಹೋದವು.

ತೊರಗಲ್ ಸಾಹೇಬರು ಸೋಲೊಪ್ಪುವವರಲ್ಲ. ಅದೇ ವಾರ ಹಿರೇಕೆರೂರಿನಿಂದ ಒಂದು ಲಾರಿ ಗಂಡಾಳುಗಳನ್ನು ಹಾನಗಲ್ಲಿಗೆ ಕಳಿಸಿದರು. ಅಷ್ಟರಲ್ಲಿ ಗಿರಣಿಯ ನೀರಿನ ತೊಟ್ಟಿಯಲ್ಲಿ ನೆನೆಹಾಕಿದ ಭತ್ತ ಕೊಳೆತಿತ್ತು. ವಾಸನೆ ಪೇಟೆಯ ತನಕ ಬರುತ್ತಿತ್ತು. ಉಳಿವೆಪ್ಪ ಸಾವುಕಾರರ ಅಂಗಡಿಗೆ ಬಂದವರೆಲ್ಲ ಮೂಗು ಮುಚ್ಚಿಕೊಂಡೇ ನಮಸ್ಕಾರ ಮಾಡುತ್ತಿದ್ದರು.

ಗಿರಣಿಯ ಗೇಟಿನ ಮುಂದೆ ಶಾರವ್ವನ ಜೊತೆಯವರೆಲ್ಲ ಕೂತಿದ್ದರು. ಮಲ್ಲೇಶಪ್ಪ ಅನ್ನವ್ವನನ್ನು ಹೊತ್ತು ತಂದು ಕೂರಿಸಿದ್ದ. ಅವಳ ಕಾಲು ಹಾದಿಗೆ ಚಾಚಿತ್ತು. ಒಳಗೆ ಹೋಗುವವರು ಅದನ್ನು ದಾಟಿಯೇ ಹೋಗಬೇಕು.

ಹಿರೇಕೆರೂರಿನವರಲ್ಲಿ ಕೆಲವರು ತಲೆ ತಗ್ಗಿಸಿ ದಾಟಿ ಹೋದರು. ಹಸಿದವರು, ಯಾರೂ ಬೈಯಲಿಲ್ಲ. ಗುತ್ತೆಪ್ಪನೆಂಬವನು ಮಾತ್ರ ಕಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

"ಗ್ವಾಡಿ ಎಷ್ಟ ಎತ್ತರ ಕೇಳೀರಿ ಯವ್ವಾ?"

"ಮೊಣಕಾಲ ಮಟ."

"ಅಷ್ಟನ?"

"ಅಷ್ಟ."

"ನಾ ಗೌಂಡಿ ಇದ್ದೇನಿ. ಕಲ್ಲು, ಸುಣ್ಣಾ ಕೊಟ್ರ ಒಂದ ಮುಂಜಾನ್ಯಾಗ ಕಟ್ಟತೇನಿ. ಮನಿ ಕಟ್ಟೂ ಕೆಲಸಾ ಕೊಡ್ರಿ ಅಂತ ಸಾಹೇಬ್ರಿಗೆ ಕೇಳಿದ್ದೆ. ಭತ್ತಾ ಬೇಯಿಸಾಕ ಕಳಸ್ಯಾರ!"

ಹೆಣ್ಣುಮಕ್ಕಳ ನಗು ಗಿರಣಿಯ ಒಳಗೂ ಕೇಳಿಸಿತು. ಒಳಗೆ ಹೋದವರು ಮಧ್ಯಾಹ್ನದ ಹೊತ್ತಿಗೆ ಹೊರಗೆ ಬಂದರು. ಒಬ್ಬನ ಮುಂಗೈ ಬೆಂದಿತ್ತು. ಸಾವುಕಾರರು ಅವನಿಗೂ ದೇವರು ದೊಡ್ಡವನೆಂದು ಹೇಳಿದ್ದರಂತೆ. ಅವರೂ ಗೇಟಿನ ಮುಂದೆ ಕೂತರು.

ಮಾರನೆಯ ದಿನ ಗೋಡೆ ಕಟ್ಟಿಸಲು ಸಾವುಕಾರರು ಒಪ್ಪಿದರು. ಗುತ್ತೆಪ್ಪ ಕಟ್ಟಿದ. ತೊರಗಲ್ ಸಾಹೇಬರು ಹಾರ ತಂದರು. ಮಂಡಳಿಯ ಪ್ರಯತ್ನದಿಂದ ಹಾನಗಲ್ಲಿನ ಕೆಲಸಗಾರರಿಗೂ ಹಿರೇಕೆರೂರಿನ ಗೌಂಡಿಗೂ ಒಟ್ಟಿಗೇ ಉದ್ಯೋಗ ಸಿಕ್ಕಿದೆ ಎಂದು ಭಾಷಣ ಮಾಡಿದರು. ಹಾರವನ್ನು ಉಳಿವೆಪ್ಪ ಸಾವುಕಾರರಿಗೆ ಹಾಕಿದರು. ಮಲ್ಲೇಶಪ್ಪನೂ ಹೆಣ್ಣುಮಕ್ಕಳೂ ಕೆಲಸಕ್ಕೆ ಮರಳಿದರು, ಅನ್ನವ್ವನ ಹೊರತು. ಕುಂಟಿಯನ್ನು ಇಟ್ಟುಕೊಂಡು ಏನು ಮಾಡಲಿ ಎಂದರು ಸಾವುಕಾರರು. ಕೇಳಲು ಹೋದರೆ, ಕೆಲಸ ಮಾಡಲಾಗದವರು ಮಂಡಳಿಯ ಖಾತೆಗೆ ಬರುವುದಿಲ್ಲ ಎಂದರು ಸಾಹೇಬರು.

ಸವಣೂರಿನಲ್ಲಿ ಕೀಲಿ ಹಾಗೇ ಇತ್ತು. ಗುದ್ಲೆಪ್ಪ ಸಾವುಕಾರರು ಲಕ್ಷ್ಮೇಶ್ವರದ ಕಡೆಯಿಂದ ಆಳು ತರಿಸಿ ಗಿರಣಿ ನಡೆಸುತ್ತಿದ್ದರು. ಶಾಕೀರಾ, ಮಾದೇವಿ ಗೇಟಿನ ಹೊರಗೆ ಕೂತಿದ್ದಾರೆಂಬ ಸುದ್ದಿ ಬಂತು.

ವಾರದ ರಜೆಯ ದಿನ ಶಾರವ್ವನ ಜೊತೆಯವರು ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿದರು. ಅನ್ನವ್ವ ಕೋಲೂರಿಕೊಂಡು ಎಲ್ಲರಿಗಿಂತ ಮುಂಚೆ ಹತ್ತಿದಳು. ತೊರಗಲ್ ಸಾಹೇಬರು ನಿಲ್ದಾಣದಲ್ಲೇ ಇದ್ದರು.

"ಎಲ್ಲಿಗವಾ?"

"ಸವಣೂರಿಗ್ರಿ. ಹತ್ತಿ ಗಿರಣಿಗೆ" ಎಂದಳು ಶಾರವ್ವ.

ಸಾಹೇಬರ ಮುಖ ಅರಳಿತು. "ನೋಡ್ರಿ, ಅವತ್ತ ಒಲ್ಲೆ ಅಂದ್ರಿ, ಈಗ ರಜಾ ದಿನಾನೂ ಕೆಲಸಕ್ಕ ಹೊಂಟೀರಿ. ತಡಾ ಆದ್ರೂ ತಿಳೀತು!" ಎಂದು ಕಂಡಕ್ಟರನನ್ನು ಕರೆದರು. "ಇವರು ನಮ್ಮ ಮಂಡಳಿ ಮಂದಿ. ಎಲ್ಲಾರಿಗೂ ಕೂಡ್ಲಿಕ್ಕೆ ಜಾಗಾ ಮಾಡಿಕೊಡಪಾ."

ಜಾಗ ಸಿಕ್ಕಿತು. ಬಸ್ಸು ಹೊರಟಾಗ ಅನ್ನವ್ವ ಕಿಟಕಿಯಿಂದ ಕೂಗಿದಳು:

"ಭಾಳ ಉಪಕಾರ ಆತ್ರಿ ಸಾಹೇಬ್ರ! ಕೀಲಿ ತೆಗಸಾಕ ಹೊಂಟೇವಿ!"

ಸಾಹೇಬರಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದದ್ದೇ ಟಪಾಲು ಕಚೇರಿಗೆ ಓಡಿದರು. ಆಳು ಕೇಳುವವರಿಗೆ ಮುಂಚಿತವಾಗಿ ಸುದ್ದಿ ಮುಟ್ಟಿಸುವುದು ಮಂಡಳಿಯ ಕರ್ತವ್ಯವಾಗಿತ್ತು. ಟ್ರಂಕ್ ಕಾಲ್ ಸಿಗುವಷ್ಟರಲ್ಲಿ ಬಸ್ಸು ಸವಣೂರು ಮುಟ್ಟಿತ್ತು.