ಒಂದನೇ ನಂಬರಿನ ಎಡಗಡೆ

ಪೋಸ್ಟರ್ ಅಂಟಿಸಿ ಮುಗಿದ ಮೇಲೂ ಅವಳು ನಿಂತಲ್ಲಿ ನಿಲ್ಲಲಿಲ್ಲ. ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಆ ಸ್ಟ್ಯಾಂಡಿನ ಮುಂದೆ ಅತ್ತಿಂದಿತ್ತ ಓಡಾಡುತ್ತಲೇ ಇದ್ದಳು. ಮೂಲೆಯ ಟೇಪು ಎದ್ದಿತೇನೋ ಎಂದು ಒತ್ತುವುದು, ಹಿಂದೆ ಸರಿದು ಓರೆಗಣ್ಣಲ್ಲಿ ನೋಡುವುದು, ಮತ್ತೆ ಬಂದು ಅದೇ ಮೂಲೆಯನ್ನು ಒತ್ತುವುದು. ಕಾಲೇಜಿನ ದೊಡ್ಡ ಹಾಲಿನಲ್ಲಿ ಅಂದು ಪದವಿ ವಿದ್ಯಾರ್ಥಿಗಳ ಸಂಶೋಧನಾ ಪ್ರದರ್ಶನ. ಒಬ್ಬಳು ಹಾಸ್ಟೆಲಿನವರ ನಿದ್ದೆ ಅಳೆದಿದ್ದಳು, ಇನ್ನೊಬ್ಬ ನಲ್ಲಿ ನೀರಿನಲ್ಲಿ ಏನೇನಿದೆ ಎಂದು ಹುಡುಕಿದ್ದ, ಮತ್ತೊಬ್ಬ ಮಹಾಶಯ ಬಸ್ಸಿನಲ್ಲಿ ಜನ ಅಪರಿಚಿತರ ಪಕ್ಕ ಯಾಕೆ ಕೂರುವುದಿಲ್ಲ ಎಂದು ತಿಳಿಯಲು ವರ್ಷವಿಡೀ ಬಸ್ಸಿನಲ್ಲೇ ಕಾಲ ಕಳೆದಿದ್ದ. ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಕೇಳುವವರು ಬರುತ್ತಾರೋ ಇಲ್ಲವೋ ಎಂದು ಬಾಗಿಲ ಕಡೆಗೇ ನೋಡುತ್ತಿದ್ದರು.

ಇವಳದು ಮನಃಶಾಸ್ತ್ರ, ಕೊನೆಯ ವರ್ಷ. ಮಾತಾಡುತ್ತಿರುವಾಗ ಕಣ್ಣಂಚಿನಲ್ಲಿ ನಡೆಯುವುದು ನಮಗೆ ಎಷ್ಟು ತಡವಾಗಿ ತಿಳಿಯುತ್ತದೆ ಎಂಬುದು ಅವಳ ಪ್ರಶ್ನೆ. ವಾಹನ ಓಡಿಸುವವರನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಬೇಕು. ಪರದೆಯ ನಡುವೆ ಒಂದು ಕೂಡಿಸುವ ಗುರುತು, ಕಣ್ಣು ಅಲ್ಲೇ ಇರಬೇಕು. ಎಡಕ್ಕೋ ಬಲಕ್ಕೋ ಒಂದು ಚುಕ್ಕೆ ಮಿಂಚಿ ಮಾಯವಾಗುತ್ತದೆ, ಕಂಡ ತಕ್ಷಣ ಗುಂಡಿ ಒತ್ತಬೇಕು. ಒಂದು ಸಲ ಸುಮ್ಮನೆ ಕೂತು, ಇನ್ನೊಂದು ಸಲ ಹರಟೆ ಹೊಡೆಯುತ್ತಾ. ಇಷ್ಟೇ ಕೆಲಸ. ಆದರೆ ಈ ಇಷ್ಟೇ ಕೆಲಸಕ್ಕೆ ಅವಳು ಊಟ ನಿದ್ದೆ ಎಲ್ಲ ಬಿಟ್ಟಿದ್ದಳು. ಅವಳ ಜೊತೆ ದುಡಿದವನು ಒಬ್ಬ ಸಹಪಾಠಿ, ಕಂಪ್ಯೂಟರ್ ಬಿಟ್ಟು ಏಳದ ಅವನಿಗೆ ಗೆಳೆಯರು ಇಟ್ಟ ಹೆಸರು ಕೀಲಿಮಣೆ. ಆ ಚುಕ್ಕೆಯಾಟದ ಪ್ರೋಗ್ರಾಂ ಬರೆದವನು ಅವನೇ.

ಮೊದಲು ಪರೀಕ್ಷೆಗೆ ಕೂತವಳು ಅವಳ ದೊಡ್ಡಮ್ಮ. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಈ ದೊಡ್ಡಮ್ಮನೇ. ಡ್ರೈವಿಂಗ್ ಕಲಿಸುವುದು ದೊಡ್ಡಮ್ಮನ ಕಸುಬು. ಒಂದು ಪುಟ್ಟ ಕಾರು, ಕಲಿಯುವವರ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು, ಆ ಬ್ರೇಕಿನ ಮೇಲೆ ದೊಡ್ಡಮ್ಮನ ಕಾಲು. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯಲು ಕಲಿಸಿದವಳು ತಾನು ಎಂದು ಅವಳಿಗೆ ಜಂಭ. ಇಷ್ಟು ವರ್ಷದಲ್ಲಿ ಗಾಡಿಗೆ ಒಂದು ಗೀರೂ ಬೀಳಲು ಬಿಟ್ಟಿಲ್ಲ ಎಂಬುದು ಅದಕ್ಕಿಂತ ದೊಡ್ಡ ಜಂಭ. ಅದನ್ನು ಹೇಳದೆ ಅವಳು ಯಾರಿಗೂ ಮೊದಲ ಪಾಠ ಶುರು ಮಾಡುತ್ತಿರಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ದೀಪ ಸರಿಮಾಡಿ, ದೊಡ್ಡಮ್ಮನನ್ನು ಕೂರಿಸಿದರೆ ಆಗಿದ್ದೇನು? ಬಲಗಡೆಯ ಚುಕ್ಕೆಗಳನ್ನೆಲ್ಲ ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದಳು. ಎಡಗಡೆಯವು ಹೆಚ್ಚುಕಡಿಮೆ ಒಂದೂ ಸಿಗಲಿಲ್ಲ. ಸುಮ್ಮನೆ ಕೂತಾಗಲೂ ಇಲ್ಲ, ಹರಟುವಾಗಲೂ ಇಲ್ಲ. ನಿನ್ನ ಡಬ್ಬ ಕೆಟ್ಟಿದೆ ಕಣೇ, ಎಡಗಡೆ ಏನೂ ಬರೋದೇ ಇಲ್ಲ ಎಂದು ನಗುತ್ತಾ ಎದ್ದು ಹೋದಳು.

ಡಬ್ಬ ಕೆಟ್ಟಿದೆ ಎಂದೇ ಅವಳೂ ನಂಬಿದಳು. ತಾನೇ ಕೂತು ನೋಡಿದಳು, ಎಲ್ಲ ಚುಕ್ಕೆಯೂ ಕಂಡಿತು. ಹಾಗಾದರೆ ಆಗೊಮ್ಮೆ ಈಗೊಮ್ಮೆ ಕೆಡುವ ದೋಷ, ಅದಂತೂ ಇನ್ನೂ ಅಪಾಯ ಎಂದುಕೊಂಡಳು. ಕೀಲಿಮಣೆಯ ಪ್ರಾಣ ಹಿಂಡಿದಳು. ಅವನು ಪ್ರೋಗ್ರಾಂ ಸರಿಯಾಗಿದೆ ಅಂದ, ಇವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ವಾರವಿಡೀ ಇಬ್ಬರೂ ಮುಖ ತಿರುಗಿಸಿಕೊಂಡು ಓಡಾಡಿದರು. ಕೊನೆಗೆ ಒಂದು ಬೆಳಿಗ್ಗೆ ಅವನು ಬಂದು, ರಿಪೇರಿ ಆಯಿತು, ಇನ್ನು ತೊಂದರೆ ಇಲ್ಲ ಅಂದ. ಅಲ್ಲಿಂದಾಚೆ ಕೂತ ಟ್ಯಾಕ್ಸಿಯವರು, ಲಾರಿಯವರು, ಹಾಲಿನ ವ್ಯಾನಿನವನು, ಎಲ್ಲರಿಗೂ ಎರಡೂ ಕಡೆಯ ಚುಕ್ಕೆಗಳು ಕಂಡವು. ನೋಡಿದೆಯಾ, ನಾನು ಹೇಳಿರಲಿಲ್ಲವಾ ಎಂದು ಇವಳು ಮೆರೆದಳು.

ದೊಡ್ಡಮ್ಮನನ್ನು ಮತ್ತೊಮ್ಮೆ ಕೂರಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೂರಿಸುವಂತಿಲ್ಲ. ಪ್ರಯೋಗ ಹೇಗೆ ನಡೆಯುತ್ತದೆ ಎಂದು ಒಮ್ಮೆ ತಿಳಿದವರನ್ನು ಎರಡನೇ ಸಲ ಕೂರಿಸಬಾರದು, ಅದು ಅವರ ವಿಭಾಗದ ಕಟ್ಟುನಿಟ್ಟು. ಹೀಗಾಗಿ ಒಂದನೇ ನಂಬರಿನ ಮುಂದೆ ಯಂತ್ರದೋಷ ಎಂದು ಬರೆದು, ದೊಡ್ಡಮ್ಮನನ್ನು ಲೆಕ್ಕದಿಂದ ಕೈಬಿಟ್ಟಳು. ಉಳಿದವರ ನಂಬರನ್ನು ಒಂದರಿಂದ ಶುರುಮಾಡೋಣ, ನೋಡಲು ಚೆನ್ನಾಗಿರುತ್ತದೆ ಎಂದು ಕೀಲಿಮಣೆ ಹೇಳಿದ್ದಕ್ಕೆ ಅದು ಮೋಸ ಎಂದು ಹರಿಹಾಯ್ದಳು. ಅವಳು ಅಷ್ಟು ಪ್ರಾಮಾಣಿಕಳು, ಪಾಪ. ಪೋಸ್ಟರಿನ ಚಿತ್ರದಲ್ಲಿ ನಂಬರುಗಳು ಎರಡರಿಂದಲೇ ಶುರುವಾದವು.

ತೀರ್ಪು ಹೇಳಲು ಬಂದವರಲ್ಲಿ ಒಬ್ಬರು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವ ಹಿರಿಯ ಡಾಕ್ಟರಮ್ಮ. ಅವರು ಇವಳ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದರು, ಚಿತ್ರದ ಹತ್ತಿರ ಬಾಗಿದರು, ಒಂದನೇ ನಂಬರ್ ಎಲ್ಲಿ ಹೋಯಿತು ಎಂದು ವಿಚಾರಿಸಿದರು. ಅವಳು ಹುರುಪಿನಿಂದಲೇ ವಿವರಿಸಿದಳು: ಎಡಗಡೆಯ ಚುಕ್ಕೆಗಳು ದಾಖಲಾಗಿರಲಿಲ್ಲ, ಪ್ರೋಗ್ರಾಂ ರಿಪೇರಿ ಮಾಡಿಸಿದೆವು. ರಿಪೇರಿ ಮಾಡಿದ್ದು ಏನನ್ನು ಎಂದು ಡಾಕ್ಟರಮ್ಮ ಕೇಳಿದರು. ಅದು ಅವಳಿಗೆ ಗೊತ್ತಿರಲಿಲ್ಲ. ಕೀಲಿಮಣೆಯ ಕಡೆ ತಿರುಗಿದಳು. ಅವನ ಕಿವಿ ಕೆಂಪಾಗಿತ್ತು.

"ಏನನ್ನೂ ಮಾಡ್ಲಿಲ್ಲ," ಎಂದ ಅವನು ನೆಲ ನೋಡುತ್ತಾ. "ಅದರಲ್ಲಿ ತಪ್ಪೇ ಇರಲಿಲ್ಲ. ನಿನ್ನ ಕಾಟ ತಡೆಯೋಕಾಗ್ದೆ ಚುಕ್ಕೆ ಬಣ್ಣ ಬದಲಾಯಿಸ್ದೆ, ಅಷ್ಟೆ."

ಡಾಕ್ಟರಮ್ಮ ಅವನ ಕಡೆ ನೋಡಲೇ ಇಲ್ಲ. ಇವಳನ್ನೇ ನೋಡುತ್ತಾ, ದನಿ ತಗ್ಗಿಸಿ, "ಒಂದನೇ ನಂಬರಿನವರು ಈಗ ಎಲ್ಲಿದ್ದಾರಮ್ಮ?" ಎಂದರು.

ಅಂದು ಶನಿವಾರ. ಈ ಹೊತ್ತಿಗೆ ಒಂದನೇ ನಂಬರು ಮಾರುಕಟ್ಟೆಯ ಹಿಂದಿನ ಬೀದಿಗಳಲ್ಲಿ ಯಾರಿಗೋ ಕಾರು ಕಲಿಸುತ್ತಿರುತ್ತಾಳೆ. ಮಿದುಳಿನ ಹಿಂಭಾಗದಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡರೂ ಎರಡೂ ಕಣ್ಣಿಗೆ ಒಂದು ಕಡೆ ಕಾಣದಂತಾಗಬಹುದು, ಅದು ಅವರಿಗೇ ತಿಳಿಯದೆಯೂ ಇರಬಹುದು, ಹೀಗೇ ಎಂದು ನೋಡದೆ ಹೇಳಲಾರೆ, ಆದರೆ ಇವತ್ತೇ ಆಸ್ಪತ್ರೆಗೆ ಕರೆತಾ ಎಂದು ಡಾಕ್ಟರಮ್ಮ ಹೇಳುತ್ತಿದ್ದುದು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಅವಳು ಆಗಲೇ ಬಾಗಿಲು ದಾಟಿದ್ದಳು.

ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಪಾಠ ನಡೆಯುವಾಗ ಜಗತ್ತೇ ಮುಳುಗಿದರೂ ಫೋನು ಎತ್ತುವ ಪೈಕಿ ಅಲ್ಲ ದೊಡ್ಡಮ್ಮ. ಮತ್ತೆ ಮಾಡಿದಳು, ಮತ್ತೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರಲಾಗದೆ ಬಾಗಿಲ ಬಳಿಯೇ ನಿಂತಳು. ಸಿಗ್ನಲ್ ಬಿದ್ದಾಗಲೆಲ್ಲ ಡ್ರೈವರನ್ನು ಮನಸ್ಸಿನಲ್ಲೇ ಬೈದಳು. ಈಚೆಗೆ ದೊಡ್ಡಮ್ಮನ ಎಡತೋಳಿನ ಮೇಲೆ ಯಾವಾಗಲೂ ಒಂದು ನೀಲಿ ಕಲೆ ಇರುತ್ತಿತ್ತಲ್ಲ, ಬಾಗಿಲು ಸಣ್ಣದು ಮಾಡಿಟ್ಟ ಬಡಗಿಗೆ ಅವಳು ದಿನಾ ಶಾಪ ಹಾಕುತ್ತಿದ್ದಳಲ್ಲ. ಅದೇ ಬಾಗಿಲಲ್ಲಿ ಇಷ್ಟು ವರ್ಷ ಓಡಾಡಿದ್ದಳು, ಆಗ ತಾಗಿರಲಿಲ್ಲ. ಪೇಪರ್ ಓದುವಾಗ, ಈ ಪೇಪರಿನವರು ಅರ್ಧಂಬರ್ಧ ಬರೀತಾರೆ, ಸಾಲಿಗೆ ತಲೆಯೇ ಇರೋದಿಲ್ಲ ಎಂದು ಗೊಣಗುತ್ತಿದ್ದಳಲ್ಲ. ಅದನ್ನು ಕೇಳಿ ಇವಳು ನಕ್ಕಿದ್ದಳು. ಕಣ್ಣಂಚಿನ ಸಂಶೋಧಕಿ, ಮನೆಯಲ್ಲೇ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

ಸ್ಟಾಪು ಬರುವವರೆಗೂ ತಡೆಯಲಾಗದೆ ಸಿಗ್ನಲಿನಲ್ಲೇ ಇಳಿದು ಓಡಿದಳು. ಒಂದು ಬೀದಿಯಲ್ಲಿಲ್ಲ, ಎರಡನೆಯದರಲ್ಲೂ ಇಲ್ಲ. ಎಲ್ಲಿಯೋ ಒಂದು ಹಾರ್ನ್ ಕೇಳಿದರೂ ಆ ಕಡೆಗೇ ತಿರುಗಿ ಓಡುತ್ತಿದ್ದಳು. ಬೀಗದ ಅಂಗಡಿಯ ತಿರುವಿನಲ್ಲಿ, ರಸ್ತೆಯ ಪಕ್ಕಕ್ಕೆ ಒತ್ತಿ ನಿಂತ ಆ ಪುಟ್ಟ ಕಾರು ಕಂಡಿತು. ದೊಡ್ಡಮ್ಮ ನೆಟ್ಟಗೆ ಕೂತು ಏನೋ ವಿವರಿಸುತ್ತಿದ್ದಳು. ಅವಳು ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಬಿದ್ದಳು, ಉಸಿರು ಸಿಗುತ್ತಿರಲಿಲ್ಲ.

ಸ್ಟೀರಿಂಗ್ ಹಿಡಿದಿದ್ದವನು ಒಬ್ಬ ನಡುವಯಸ್ಸಿನ ಟೈಲರ್, ಅಂಜುಬುರುಕ. ಇವತ್ತು ಮಾತ್ರ ಅವನ ಮುಖ ಅರಳಿತ್ತು. ಕೇಳದೆಯೇ ಹೇಳಿಕೊಂಡ.

"ಈಗ ತಾನೇ ಎಡಗಡೆ ಗಲ್ಲಿಯಿಂದ ಒಂದು ಸೈಕಲ್ ನುಗ್ಗಿತು ನೋಡಿ. ನಾನೇ ಬ್ರೇಕ್ ಹಾಕ್ದೆ. ಮೇಡಮ್ ಕಾಲು ಅಲ್ಲಾಡಿಸೋ ಮುಂಚೆ."

ಕಲಿತುಬಿಟ್ಟ ಇವನು, ಇನ್ನು ನನ್ನ ಅಗತ್ಯವಿಲ್ಲ ಎಂದು ದೊಡ್ಡಮ್ಮ ಅವನ ಬೆನ್ನು ತಟ್ಟಿದಳು. ಬಹುಮಾನ ಬಂತಾ ವಿಜ್ಞಾನಿ, ಇಲ್ಲಿಗೇಕೆ ಓಡಿ ಬಂದೆ ಎಂದು ತಮಾಷೆ ಮಾಡಿದಳು. ಇವಳು ಸೀಟಿನ ಅಂಚಿಗೆ ಸರಿದಳು. ದೊಡ್ಡಮ್ಮ, ಒಂದು ನಿಮಿಷ ನನ್ನ ಕಡೆ ತಿರುಗಿ ಕೂರು, ನನ್ನ ಮೂಗನ್ನೇ ನೋಡು, ಕಣ್ಣು ಅಲ್ಲಾಡಿಸಬೇಡ ಅಂದಳು. ಏನಿದು ಹೊಸ ಹುಚ್ಚು ಎಂದು ಗೊಣಗಿದರೂ ದೊಡ್ಡಮ್ಮ ಸೀಟಿನಲ್ಲೇ ಪೂರ್ತಿ ತಿರುಗಿ ಅವಳ ಮೂಗು ನೋಡಿದಳು. ಇವಳು ತನ್ನ ಎರಡೂ ಕೈ ಪಕ್ಕಕ್ಕೆ ಚಾಚಿದಳು. ಮೊದಲು ದೊಡ್ಡಮ್ಮನ ಬಲಕ್ಕಿದ್ದ ಕೈಯ ಬೆರಳು ಆಡಿಸಿದಳು. ಹ್ಞೂಂ, ಆಡ್ತಿದೆ ಎಂದಳು ದೊಡ್ಡಮ್ಮ. ಆಮೇಲೆ ಆ ಬೆರಳು ನಿಲ್ಲಿಸಿ ಎಡಗಡೆಯದನ್ನು ಆಡಿಸತೊಡಗಿದಳು.

ಟೈಲರ್ ಆ ಬೆರಳನ್ನು ನೋಡಿದ. ದೊಡ್ಡಮ್ಮನ ಮುಖ ನೋಡಿದ. ಮತ್ತೆ ಬೆರಳು ನೋಡಿದ.

"ಆಡಿಸು," ಎಂದಳು ದೊಡ್ಡಮ್ಮ. "ಯಾಕೆ ಸುಮ್ನೆ ಕೂತೆ?"

ಅವಳ ಬೆರಳು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ತುಂಬಿ ದೊಡ್ಡಮ್ಮನ ಮುಖ ಮಸುಕಾಯಿತು, ಆದರೂ ಆಡಿಸುತ್ತಲೇ ಇದ್ದಳು. ಆ ನೀರು ಕಂಡು ದೊಡ್ಡಮ್ಮ ತಲೆಯನ್ನು ಎಡಕ್ಕೆ ತಿರುಗಿಸಿದಳು. ಬೆರಳು ಕಂಡಿತು. ಮತ್ತೆ ನೇರ ನೋಡಿದಳು. ಮತ್ತೆ ತಿರುಗಿಸಿದಳು. ಹೀಗೆ ಎಷ್ಟೋ ಸಲ. ಟೈಲರ್ ಕೀಲಿ ತಿರುಗಿಸಿ ಎಂಜಿನ್ ಆರಿಸಿದ, ಬಾಗಿಲು ತೆಗೆದು ಇಳಿದ, ನಾನು ನಡೆದುಕೊಂಡೇ ಹೋಗ್ತೀನಿ ಮೇಡಮ್ ಎಂದು ಮೆಲ್ಲಗೆ ಹೇಳಿ ಹೊರಟ.

ಅವನು ಹೋದ ಮೇಲೆ ಅವಳು ಎಲ್ಲ ಹೇಳಿದಳು. ಚುಕ್ಕೆಗಳು, ಯಂತ್ರದೋಷ, ಬರೀ ಬಣ್ಣ ಬದಲಾದ ರಿಪೇರಿ, ಡಾಕ್ಟರಮ್ಮನ ಮಾತು, ಯಾವುದನ್ನೂ ಮುಚ್ಚಿಡಲಿಲ್ಲ. ದೊಡ್ಡಮ್ಮ ಸಿಡುಕುತ್ತಾಳೆ, ಡಾಕ್ಟರುಗಳನ್ನೆಲ್ಲ ಬೈದು ಕೂರುತ್ತಾಳೆ ಎಂದುಕೊಂಡಿದ್ದಳು. ದೊಡ್ಡಮ್ಮ ಹಾಗೇನೂ ಮಾಡಲಿಲ್ಲ.

"ನೀನು ಆ ಡಬ್ಬ ಇಟ್ಟಿದ್ದು ಚಳಿ ಶುರುವಾದಾಗ ಅಲ್ವಾ?" ಎಂದು ಕೇಳಿದಳು. "ಆಮೇಲೆ ಆ ನರ್ಸ್ ಹುಡುಗಿ ಕಲಿತಳು. ಆ ಅಣ್ಣ ತಮ್ಮ ಕಲಿತರು. ಬಸುರಿ ಒಬ್ಬಳು ಬರ್ತಿದ್ದಳು. ಎಲ್ಲರಿಗೂ ಹೇಳಿದ್ದೆ ಕಣೇ, ಹೆದರಬೇಡಿ, ನಾನು ನೋಡ್ತಿರ್ತೀನಿ ಅಂತ."

ಅವಳಿಗೆ ಅಳು ತಡೆಯಲಾಗಲಿಲ್ಲ. ತಪ್ಪು ನನ್ನದು ದೊಡ್ಡಮ್ಮ, ಬಂದ ಫಲಿತಾಂಶ ನಂಬೋ ಬದಲು ನಿನ್ನನ್ನೇ ಲೆಕ್ಕದಿಂದ ತೆಗೆದೆ, ಮೊದಲೇ ಗೊತ್ತಾಗಿದ್ದರೆ ಆಗಲೇ ಆಸ್ಪತ್ರೆಗೆ ಹೋಗಬಹುದಿತ್ತು ಎಂದು ಬಿಕ್ಕಿದಳು. ದೊಡ್ಡಮ್ಮ ಅವಳ ಕೆನ್ನೆ ಒರೆಸಲು ಕೈ ಚಾಚಿದಳು. ಕೋಪ ಬಂದಿತ್ತು ಅವಳಿಗೆ, ಮುಖದಲ್ಲೇ ಕಾಣುತ್ತಿತ್ತು, ಆದರೆ ಯಾರ ಮೇಲೆ ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. ಮುಂದೆ ಬಂದು ಕೂರು, ಆಸ್ಪತ್ರೆಗೆ ನೀನೇ ಓಡಿಸು ಎಂದಳು.

ಇವಳಿಗೆ ಲೈಸೆನ್ಸ್ ಇತ್ತು, ಕೊಡಿಸಿದವಳೂ ದೊಡ್ಡಮ್ಮನೇ. ಆದರೆ ಅವಳು ಓಡಿಸಿ ತಿಂಗಳುಗಳಾಗಿದ್ದವು. ಗಾಡಿ ಒಮ್ಮೆ ಮುಗ್ಗರಿಸಿ ಹೊರಟಿತು. ಅಭ್ಯಾಸಬಲದಿಂದ ದೊಡ್ಡಮ್ಮನ ಕಾಲು ತನ್ನ ಬ್ರೇಕಿನ ಮೇಲೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಅವಳೇ ಅದನ್ನು ಹಿಂದಕ್ಕೆ ಎಳೆದುಕೊಂಡು, ಎರಡೂ ಪಾದ ಸೀಟಿನ ಕೆಳಗೆ ಮಡಚಿ ಕೂತಳು. ಕೈಗಳನ್ನು ಎಲ್ಲಿಡುವುದು ಎಂದು ಅವಳಿಗೆ ಗೊತ್ತಾಗಲಿಲ್ಲ. ತೊಡೆಯ ಮೇಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು.

"ಎಡಗಡೆ ಏನೇನಿದೆ, ಹೇಳ್ತಾ ಹೋಗು," ಎಂದಳು.

ಅವಳು ಹೇಳತೊಡಗಿದಳು. ಹಾರ್ಡ್‌ವೇರ್ ಅಂಗಡಿ, ಮುಂದೆ ಏಣಿ ಒರಗಿಸಿದ್ದಾರೆ. ಒಬ್ಬರು ಅಜ್ಜ, ಕೈಯಲ್ಲಿ ಕೋಲು, ನಿಂತಿದ್ದಾರೆ, ದಾಟುವುದಿಲ್ಲ. ನಾಯಿ ಮಲಗಿದೆ. ನಿಂತ ಲಾರಿ. ಲಾರಿ ಆದಮೇಲೆ ಶಾಲೆಯ ಗೋಡೆ.

"ಗೋಡೆ ಹತ್ತಿರ ಯಾರಿದ್ದಾರೆ?"

"ಮಕ್ಕಳು. ಫುಟ್‌ಪಾತಿನ ಅಂಚಲ್ಲಿ ಕೂತಿದ್ದಾರೆ, ಕಾಲು ರಸ್ತೆಗೆ ಚಾಚಿಕೊಂಡು."

ಇದು ದೊಡ್ಡಮ್ಮ ದಿನಾ ಪಾಠ ಮಾಡುವ ರಸ್ತೆ. ಅವಳು ತಲೆಯನ್ನು ಪೂರ್ತಿ ತಿರುಗಿಸಿದಳು, ಭುಜವನ್ನೂ ತಿರುಗಿಸಿದಳು, ಆ ಪುಟ್ಟ ಕಾಲುಗಳು ಕಾಣುವವರೆಗೂ ತಿರುಗಿಸಿದಳು.

"ದಿನಾ ಕೂತಿರ್ತಾರಾ?"

ಅವಳ ಕಾಲೇಜು ಬಸ್ಸು ಹೋಗುವುದೂ ಇದೇ ದಾರಿ. ಸುಳ್ಳು ಹೇಳಬೇಕೆಂದು ಒಂದು ಕ್ಷಣ ಅನ್ನಿಸಿತು.

"ಹ್ಞೂಂ ದೊಡ್ಡಮ್ಮ. ದಿನಾ."

ದೊಡ್ಡಮ್ಮ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡಳು. ಅವರನ್ನು ದಾಟುವವರೆಗೆ ನಿಧಾನಕ್ಕೆ ಹೋಗು ಎಂದು ಆ ಕೈಗಳ ಒಳಗಿನಿಂದಲೇ ಹೇಳಿದಳು, ಅವಳು ಹಾಗೇ ಹೋದಳು.