ಅವ್ವ ಒತ್ತದ ಹೆಸರು

ಕೊಪ್ಪದ ನಮ್ಮ ಮನೆಗೆ ಕಂಪ್ಯೂಟರ್ ಬಂದ ದಿನ, ಪಾಸ್‌ವರ್ಡ್ ಏನಿಡಲಿ ಎಂದು ಅಪ್ಪನನ್ನು ಕೇಳಿದೆ. "ನನ್ನೆಸರೇ ಇಡವ್ವ" ಎಂದರು. ಚಿಕ್ಕಬಸಪ್ಪ ಎಂದು ಇಂಗ್ಲಿಷಿನಲ್ಲಿ ಹೊಡೆದಿಟ್ಟು ನಾನು ಮೈಸೂರಿನ ಹಾಸ್ಟೆಲಿಗೆ ಹೋದೆ.

ದಸರಾ ರಜೆಗೆ ಬಂದು ನೋಡಿದರೆ, ಅವ್ವನಿಗೆ ಕಂಪ್ಯೂಟರಿನಲ್ಲಿ ಇಸ್ಪೀಟಾಡುವ ಹುಚ್ಚು ಹಿಡಿದಿತ್ತು. ಆದರೆ ಅಪ್ಪ ಅಂಗಡಿಯಿಂದ ಊಟಕ್ಕೆ ಬಂದು ಪಾಸ್‌ವರ್ಡ್ ಒತ್ತುವ ತನಕ ಪರದೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ನನಗೆ ರೇಗಿತು.

"ಎಸ್ಸೆಸ್ಸೆಲ್ಸಿ ಓದಿದ್ದೀಯ, ಅಪ್ಪನ ಹೆಸರು ಒತ್ತೋಕೆ ಬರಲ್ವಾ?"

"ಬರದೇ ಏನು? ಗಂಡನ ಹೆಸರು ಎಂಗೆ ಒತ್ತಲವ್ವ?"

"ಬಾಯಲ್ಲಿ ಹೇಳು ಅಂದ್ನಾ? ಬೆರಳಲ್ಲಿ ಒತ್ತು ಅಂದೆ."

"ಎಲ್ಡೂ ಒಂದೇ ಬುಡು."

ಇವಳ ಜೊತೆ ವಾದ ಮಾಡಿ ಗೆದ್ದವರಿಲ್ಲ. ಸೆಟ್ಟಿಂಗ್ಸಿಗೆ ಹೋಗಿ ಪಾಸ್‌ವರ್ಡನ್ನೇ ತೆಗೆದುಹಾಕಿದೆ. ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಕಂಪ್ಯೂಟರ್ ಏನನ್ನೂ ಕೇಳದೆ ತೆರೆದುಕೊಂಡಿತು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಮೌಸ್ ಹಿಡಿದಳು.

ಊಟಕ್ಕೆ ಬಂದ ಅಪ್ಪ ಬಾಗಿಲಲ್ಲೇ ನಿಂತರು. ಆಟ ಆಗಲೇ ನಡೆಯುತ್ತಿರುವುದನ್ನು ಕಂಡು ಅವರ ಮುಖ ಅರಳಿತು.

"ಒತ್ತೇಬುಟ್ಟಳಾ?" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ಇಲ್ಲಪ್ಪ, ನಾನೇ ಪಾಸ್‌ವರ್ಡ್ ತೆಗೆದೆ."

"ಅಯ್ಯೋ, ಕೆಡಿಸ್ಬುಟ್ಟಲ್ಲವ್ವ! ಮದುವೆಯಾದಾಗಿಂದ ಒಂದ್ಸಲನೂ ನನ್ನೆಸರು ಎತ್ತಿಲ್ಲ. ಇದ್ರಲ್ಲಾದ್ರೂ ಎತ್ತಲಿ ಅಂತ ಇಡ್ಸಿದ್ದೆ."

ಅವ್ವ ಆಟದಿಂದ ಕಣ್ಣು ತೆಗೆಯಲಿಲ್ಲ.

"ನಿಮ್ಮ ಬುದ್ಧಿ ನಂಗೆ ಅವತ್ತೇ ಗೊತ್ತಾಯ್ತು ಕಣ್ರೀ. ಹೋಗಿ ಕೈ ತೊಳ್ಕಳಿ, ಇದೊಂದಾಟ ಮುಗ್ಸಿ ಊಟಕ್ಕಿಕ್ತೀನಿ."